ಮುದ್ರಣ ಮತ್ತು ಪ್ರಕಾಶನ ಕ್ಷೇತ್ರದಲ್ಲಿ ತರಬೇತಿ ಹಾಗೂ ಉದ್ಯೋಗಾವಕಾಶಗಳು: ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳ ಯುವಜನರಿಗೆ ಮಾಹಿತಿ

ಪೀಠಿಕೆ

ಶಾಲೆಯ ಪಠ್ಯಪುಸ್ತಕ, ಮದುವೆಯ ಲಗ್ನಪತ್ರಿಕೆ, ಜಾತ್ರೆಯ ಭಿತ್ತಿಪತ್ರ, ಅಕ್ಕಿಯ ಚೀಲದ ಮೇಲಿನ ಹೆಸರು, ಔಷಧದ ಡಬ್ಬಿ, ಬ್ಯಾಂಕಿನ ಚಲನ್ ಇವೆಲ್ಲವೂ ಮುದ್ರಣ ಉದ್ಯಮದ ಉತ್ಪನ್ನಗಳಾಗಿರುತ್ತವೆ. ಎಸ್.ಎಸ್.ಎಲ್.ಸಿ. ಉತ್ತೀರ್ಣರಾದವರಿಂದ ಸ್ನಾತಕೋತ್ತರ ಪದವೀಧರರವರೆಗೆ ಎಲ್ಲ ಹಂತದವರಿಗೂ ಈ ಉದ್ಯಮದಲ್ಲಿ ಕೆಲಸವಿದೆ. ಆದರೆ ಕಳೆದ ನಾಲ್ಕು ದಶಕಗಳಲ್ಲಿ ಈ ಉದ್ಯಮದಷ್ಟು ವೇಗವಾಗಿ ಹಳೆಯ ಕಸುಬುಗಳನ್ನು ಕಳೆದುಕೊಂಡ ಉದ್ಯಮಗಳೂ ವಿರಳ. ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದ ಕಸುಬು ಗಣಕಯಂತ್ರ ಬಂದ ಮೇಲೆ ಇಲ್ಲವಾಯಿತು. ಮೊಬೈಲ್‌ನಲ್ಲಿ ಆಹ್ವಾನ ಕಳುಹಿಸುವ ಪದ್ಧತಿಯಿಂದ ಲಗ್ನಪತ್ರಿಕೆಗಳ ಸಂಖ್ಯೆ ಇಳಿಯುತ್ತಿದೆ.

ಆದುದರಿಂದ ಯಾವ ಕೌಶಲ ಉಳಿಯುತ್ತದೆ, ಯಾವುದು ಯಂತ್ರದೊಡನೆ ಹೋಗುತ್ತದೆ ಎಂಬುದನ್ನು ತಿಳಿದು ತರಬೇತಿಯನ್ನು ಆರಿಸಿಕೊಳ್ಳುವುದು ಅವಶ್ಯಕ. ಈ ಕ್ಷೇತ್ರಕ್ಕೆ ಬರಲಿಚ್ಛಿಸುವ ಕೊಪ್ಪಳ ಜಿಲ್ಲೆಯ ಅಭ್ಯರ್ಥಿಗಳಿಗೆ ಹಾಗೂ ಅವರ ಪೋಷಕರಿಗೆ ಅಗತ್ಯವಾದ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಜಿಲ್ಲೆಯ ಹಿನ್ನೆಲೆ

ಕನ್ನಡ ಅಚ್ಚಿನ ಇತಿಹಾಸದಲ್ಲಿ ಈ ಭಾಗದ ನೆರೆಹೊರೆಗೆ ಹಿರಿದಾದ ಸ್ಥಾನವಿದೆ. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗ್ ಅವರು 1843ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರತಂದರು. ಮರುವರ್ಷವೇ ಆ ಪತ್ರಿಕೆಯು ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಬಳ್ಳಾರಿಯಿಂದ, ಮೊಳೆಯಚ್ಚಿನಲ್ಲಿ ಪ್ರಕಟವಾಗತೊಡಗಿತು.

ಆದರೆ ತುಂಗಭದ್ರೆಯ ಈ ದಡದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪ್ರದೇಶಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿ ಆಡಳಿತ ಭಾಷೆ ಉರ್ದು ಆಗಿತ್ತು. ಪಕ್ಕದ ಗದಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿ ಕನ್ನಡ ಮುದ್ರಣಾಲಯಗಳು ಬೆಳೆದು ಆ ಊರು ಮುದ್ರಣಕ್ಕೆ ಹೆಸರಾಯಿತು. ಇಂದಿಗೂ ಈ ಜಿಲ್ಲೆಯ ದೊಡ್ಡ ಪ್ರಮಾಣದ ಅಚ್ಚಿನ ಕೆಲಸವು ಸುಮಾರು 60 ಕಿ.ಮೀ. ದೂರದ ಗದಗಕ್ಕೆ, ಅದಕ್ಕೂ ಮುಂದಿನ ಹುಬ್ಬಳ್ಳಿಗೆ ಹೋಗುತ್ತದೆ. ಬಣ್ಣದ ಕ್ಯಾಲೆಂಡರ್‌ಗಳು ಹಾಗೂ ಲಗ್ನಪತ್ರಿಕೆಯ ಖಾಲಿ ಕಾರ್ಡುಗಳು ತಮಿಳುನಾಡಿನ ಶಿವಕಾಶಿಯಿಂದ ಬರುತ್ತವೆ.

ಕೊಪ್ಪಳವು 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ಆಗ ಇದ್ದ ಈ ನಾಲ್ಕು ತಾಲ್ಲೂಕುಗಳ ಜೊತೆಗೆ ನಂತರ ಕಾರಟಗಿ, ಕನಕಗಿರಿ ಮತ್ತು ಕುಕನೂರು ತಾಲ್ಲೂಕುಗಳು ರಚನೆಯಾಗಿವೆ. ಅವುಗಳ ಅಭ್ಯರ್ಥಿಗಳಿಗೂ ಈ ಮಾಹಿತಿ ಅನ್ವಯಿಸುತ್ತದೆ. 2025ರ ಮೇ ತಿಂಗಳಿನಲ್ಲಿ ತಳಕಲ್–ಕುಷ್ಟಗಿ ರೈಲು ಮಾರ್ಗ ಆರಂಭವಾದ ಮೇಲೆ ಕುಕನೂರು, ಯಲಬುರ್ಗಾ ಮತ್ತು ಕುಷ್ಟಗಿ ಭಾಗಕ್ಕೆ ಗದಗ, ಹುಬ್ಬಳ್ಳಿಗಳ ರೈಲು ಸಂಪರ್ಕ ದೊರೆತಿದೆ. ತರಬೇತಿಯನ್ನು ಗದಗದಲ್ಲಿ ಪಡೆಯುವ ಆಲೋಚನೆಯುಳ್ಳವರಿಗೆ ಇದು ಅನುಕೂಲ.

ಮುದ್ರಣದ ಹಂತಗಳು ಮತ್ತು ಕೆಲಸಗಳು

ಮುದ್ರಣ ಎಂದರೆ ಯಂತ್ರದ ಮುಂದೆ ನಿಲ್ಲುವ ಕೆಲಸ ಮಾತ್ರವಲ್ಲ. ಪುಸ್ತಕವೊಂದು ಮೂರು ಹಂತಗಳಲ್ಲಿ ಸಿದ್ಧವಾಗುತ್ತದೆ.

1. ಮುದ್ರಣಪೂರ್ವ ಹಂತ: ಹಸ್ತಪ್ರತಿಯ ಅಕ್ಷರಜೋಡಣೆ (ಡಿ.ಟಿ.ಪಿ.), ಕರಡು ತಿದ್ದುವುದು, ಪುಟವಿನ್ಯಾಸ, ಮುಖಪುಟ ರಚನೆ, ಪುಟಗಳನ್ನು ಫಾರಂಗಳಾಗಿ ಹೊಂದಿಸುವುದು ಮತ್ತು ಪ್ಲೇಟ್ ತಯಾರಿಕೆ. ಈಗ ಗಣಕಯಂತ್ರದಿಂದ ನೇರವಾಗಿ ಪ್ಲೇಟ್ ತೆಗೆಯಲಾಗುತ್ತದೆ.

2. ಮುದ್ರಣ ಹಂತ: ಪುಸ್ತಕಗಳಿಗೆ ಆಫ್‌ಸೆಟ್, ಕಡಿಮೆ ಪ್ರತಿಗಳಿಗೆ ಡಿಜಿಟಲ್, ಫಲಕಗಳಿಗೆ ಫ್ಲೆಕ್ಸ್, ಬಟ್ಟೆ ಮತ್ತು ಕಾರ್ಡುಗಳಿಗೆ ಸ್ಕ್ರೀನ್, ಪ್ಲಾಸ್ಟಿಕ್ ಚೀಲ ಹಾಗೂ ಹೊದಿಕೆಗಳಿಗೆ ಫ್ಲೆಕ್ಸೋ ಮತ್ತು ಗ್ರೇವೂರ್ ವಿಧಾನಗಳು ಬಳಕೆಯಲ್ಲಿವೆ.

3. ಮುದ್ರಣೋತ್ತರ ಹಂತ: ಹಾಳೆ ಮಡಿಸುವುದು, ಫಾರಂಗಳನ್ನು ಕ್ರಮವಾಗಿ ಜೋಡಿಸುವುದು, ಹೊಲಿಗೆ ಅಥವಾ ಅಂಟಿನ ಬೈಂಡಿಂಗ್, ಲ್ಯಾಮಿನೇಷನ್ ಮತ್ತು ಕತ್ತರಿಸುವುದು.

ಲೆಕ್ಕಾಚಾರದ ಜ್ಞಾನ ಮೂರೂ ಹಂತಗಳಿಗೆ ಬೇಕು. ಉದಾಹರಣೆಗೆ, ಡೆಮಿ 1/8 ಆಕಾರದ 160 ಪುಟಗಳ ಪುಸ್ತಕವನ್ನು ಪರಿಗಣಿಸಬಹುದು. ಒಂದು ಡೆಮಿ ಹಾಳೆಯ ಎರಡೂ ಬದಿಗೆ 16 ಪುಟಗಳು ಅಚ್ಚಾಗುತ್ತವೆ. ಇದೇ ಒಂದು ಫಾರಂ. 160 ಪುಟಗಳಿಗೆ 10 ಫಾರಂ, ಅಂದರೆ 1,000 ಪ್ರತಿಗಳಿಗೆ 10,000 ಹಾಳೆ. 500 ಹಾಳೆಗೆ ಒಂದು ರೀಮಿನಂತೆ 20 ರೀಮು ಕಾಗದ ಬೇಕಾಗುತ್ತದೆ. ಯಂತ್ರ ಹೊಂದಿಸುವಾಗ ಕೆಡುವ ಹಾಳೆಗಳು ಇದಕ್ಕೆ ಹೆಚ್ಚುವರಿ. ಪುಸ್ತಕ 164 ಪುಟಕ್ಕೆ ಬೆಳೆದರೆ ನಾಲ್ಕು ಪುಟಗಳಿಗಾಗಿ ಹೊಸ ಪ್ಲೇಟು ಮತ್ತು ಹೊಸ ಮಡಿಕೆಯ ವೆಚ್ಚ ಬರುತ್ತದೆ. ಇದನ್ನು ಮೊದಲೇ ಗ್ರಾಹಕರಿಗೆ ಹೇಳಬಲ್ಲವರೇ ಮುದ್ರಣಾಲಯದಲ್ಲಿ ಮೇಲಿನ ಹುದ್ದೆಗೆ ಏರುತ್ತಾರೆ.

ಕನ್ನಡ ಅಕ್ಷರಜೋಡಣೆ: ಉಳಿಯುವ ಕೌಶಲ

ಮೊಳೆಯಚ್ಚಿನ ಕಾಲದಲ್ಲಿ ಅಕ್ಷರ ಜೋಡಿಸುವವರು ಗುಣಿತಾಕ್ಷರ, ಒತ್ತಕ್ಷರಗಳ ಮೊಳೆಗಳನ್ನು ಪೆಟ್ಟಿಗೆಯ ಖಾನೆಗಳಿಂದ ಕಣ್ಣುಮುಚ್ಚಿಯೂ ಎತ್ತಬಲ್ಲವರಾಗಿದ್ದರು. ಗಣಕಯಂತ್ರ ಬಂದಾಗ ಅವರ ಕೈಯ ವೇಗಕ್ಕೆ ಬೆಲೆ ಇಲ್ಲವಾಯಿತು. ಆದರೆ ಅವರಲ್ಲಿ ಕಾಗುಣಿತ ಬಲ್ಲವರು, ವಾಕ್ಯದ ತಪ್ಪನ್ನು ಹಿಡಿಯಬಲ್ಲವರು ಕರಡು ತಿದ್ದುವವರಾಗಿ, ಡಿ.ಟಿ.ಪಿ. ಕೆಲಸಗಾರರಾಗಿ ಮುಂದುವರಿಯಲು ಅವಕಾಶವಿತ್ತು. ಈಗ ಕಲಿಯುವವರಿಗೂ ಇದೇ ಪಾಠ ಅನ್ವಯಿಸುತ್ತದೆ. ತಂತ್ರಾಂಶ ಬದಲಾಗುತ್ತದೆ, ಭಾಷೆಯ ತಿಳಿವಳಿಕೆ ಕೈಬಿಡುವುದಿಲ್ಲ.

ಒಂದು ಕಾಲದಲ್ಲಿ ಪೇಜ್‌ಮೇಕರ್ ಬಲ್ಲವರಿಗೆ ತಕ್ಷಣ ಕೆಲಸ ದೊರೆಯುತ್ತಿತ್ತು. ಆ ತಂತ್ರಾಂಶದ ತಯಾರಿಕೆ ನಿಂತು ವರ್ಷಗಳಾಗಿವೆ. ಇಂದು ಇನ್‌ಡಿಸೈನ್, ಕೋರೆಲ್‌ಡ್ರಾ, ಫೋಟೋಶಾಪ್ ಬಳಕೆಯಲ್ಲಿವೆ. ಇವುಗಳನ್ನು ಕೊಳ್ಳಲಾಗದವರು ಉಚಿತವಾಗಿ ದೊರೆಯುವ ಸ್ಕ್ರೈಬಸ್, ಇಂಕ್‌ಸ್ಕೇಪ್ ಮತ್ತು ಗಿಂಪ್‌ಗಳಲ್ಲಿ ಅಭ್ಯಾಸ ಮಾಡಬಹುದು. ತರಬೇತಿ ಪಡೆಯುವವರು ಕನ್ನಡಕ್ಕೆ ಸಂಬಂಧಿಸಿದಂತೆ ಕೆಳಗಿನ ಅಂಶಗಳನ್ನು ಕಡ್ಡಾಯವಾಗಿ ಕಲಿಯತಕ್ಕದ್ದು.

• ನುಡಿ, ಬರಹ ಮುಂತಾದವುಗಳ ಹಳೆಯ ಫಾಂಟ್‌ಗಳಲ್ಲಿರುವ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸುವುದು ಮತ್ತು ಪರಿವರ್ತನೆಯಲ್ಲಿ ಕೆಡುವ ಅರ್ಕಾವತ್ತು, ಒತ್ತಕ್ಷರ ಹಾಗೂ ಅಂಕಿಗಳನ್ನು ಪರಿಶೀಲಿಸಿ ಸರಿಪಡಿಸುವುದು.

• ಅಲ್ಪಪ್ರಾಣ–ಮಹಾಪ್ರಾಣ, ಶ–ಷ–ಸ ಮತ್ತು ಅ–ಹ ವ್ಯತ್ಯಾಸ. ‘ಹಾರ್ದಿಕ’ ಎಂಬುದು ‘ಆರ್ದಿಕ’ ಎಂದು, ‘ಶುಭ’ ಎಂಬುದು ‘ಶುಬ’ ಎಂದು ಅಚ್ಚಾದರೆ ಸಾವಿರ ಪ್ರತಿಗಳೂ ವ್ಯರ್ಥವಾಗುತ್ತವೆ ಮತ್ತು ನಷ್ಟವನ್ನು ಮುದ್ರಕರೇ ಭರಿಸಬೇಕಾಗುತ್ತದೆ.

• ಪರದೆಯ ಮೇಲಿನ ಬಣ್ಣಗಳು ಕೆಂಪು, ಹಸಿರು, ನೀಲಿಗಳಿಂದಾದವು. ಅಚ್ಚಿನ ಬಣ್ಣಗಳು ಸಯಾನ್, ಮಜೆಂಟಾ, ಹಳದಿ, ಕಪ್ಪುಗಳಿಂದಾದವು. ಪರದೆಯಲ್ಲಿ ಕಂಡ ಬಣ್ಣವೇ ಹಾಳೆಯ ಮೇಲೆ ಬರುತ್ತದೆಂದು ಗ್ರಾಹಕರಿಗೆ ಭರವಸೆ ನೀಡಲಾಗದು. ಚಿತ್ರಗಳಿಗೆ ಅಂಗುಲಕ್ಕೆ 300 ಬಿಂದುಗಳ ಸಾಂದ್ರತೆ ಸಾಮಾನ್ಯ ನಿಯಮ. ಮೊಬೈಲ್‌ನಲ್ಲಿ ಬಂದ ಕುಗ್ಗಿದ ಚಿತ್ರಗಳು ಇದಕ್ಕೆ ಸಾಲುವುದಿಲ್ಲ.

ಭಾಷಾಜ್ಞಾನ ಹೆಚ್ಚಿಸಿಕೊಳ್ಳಲು ಕನ್ನಡ ಸಾಹಿತ್ಯ ಪರಿಷತ್ತು ನಡೆಸುವ ಪ್ರವೇಶ, ಕಾವ, ಜಾಣ ಮತ್ತು ರತ್ನ ಪರೀಕ್ಷೆಗಳಿಗೆ ಕುಳಿತುಕೊಳ್ಳುವುದು ಉಪಯುಕ್ತ.

ವಿದ್ಯಾರ್ಹತೆಗೆ ಅನುಗುಣವಾದ ತರಬೇತಿ

ಅಲ್ಪಾವಧಿ ತರಬೇತಿ: ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳು (ಆರ್‌ಸೆಟಿ) ಗ್ರಾಮೀಣ ನಿರುದ್ಯೋಗಿ ಯುವಕ ಯುವತಿಯರಿಗೆ ಊಟ, ವಸತಿ ಸಹಿತ ಉಚಿತ ತರಬೇತಿ ನೀಡುತ್ತವೆ. ಅವುಗಳ ತರಬೇತಿಗಳ ಪಟ್ಟಿಯಲ್ಲಿ ಡಿ.ಟಿ.ಪಿ. ಹಾಗೂ ಸ್ಕ್ರೀನ್ ಮುದ್ರಣ ಸೇರಿವೆ. ಯಾವ ತಂಡ ಎಂದು ಆರಂಭವಾಗುತ್ತದೆ ಎಂಬುದನ್ನು ಸಂಸ್ಥೆಯಲ್ಲಿ ವಿಚಾರಿಸಿ ಹೆಸರು ನೋಂದಾಯಿಸಬೇಕು.

ಐ.ಟಿ.ಐ.: ಕುಶಲಕರ್ಮಿ ತರಬೇತಿ ಯೋಜನೆಯಡಿ ಎಸ್.ಎಸ್.ಎಲ್.ಸಿ. ಉತ್ತೀರ್ಣರಿಗೆ ಡೆಸ್ಕ್‌ಟಾಪ್ ಪಬ್ಲಿಷಿಂಗ್ ಆಪರೇಟರ್ ವೃತ್ತಿಯ ಒಂದು ವರ್ಷದ ತರಬೇತಿ ಇರುತ್ತದೆ. ಎಲ್ಲ ಸಂಸ್ಥೆಗಳಲ್ಲಿ ಈ ವೃತ್ತಿ ಇರುವುದಿಲ್ಲ. ಹತ್ತಿರದ ಸಂಸ್ಥೆಯಲ್ಲಿ ಇಲ್ಲದಿದ್ದರೆ ಕಂಪ್ಯೂಟರ್ ಆಪರೇಟರ್ ಮತ್ತು ಪ್ರೋಗ್ರಾಮಿಂಗ್ ಅಸಿಸ್ಟೆಂಟ್ (ಕೋಪಾ) ವೃತ್ತಿಗೆ ಸೇರಿ, ಬಳಿಕ ಮುದ್ರಣಾಲಯದಲ್ಲಿ ಕೆಲಸ ಕಲಿಯಬಹುದು.

ಶಿಶಿಕ್ಷು ತರಬೇತಿ: ಯಂತ್ರದ ಕೆಲಸ ಕಲಿಯಬಯಸುವವರಿಗೆ ಇದು ಅತ್ಯುತ್ತಮ ಮಾರ್ಗ. 1961ರ ಶಿಶಿಕ್ಷು ಅಧಿನಿಯಮದಡಿ ಆಫ್‌ಸೆಟ್ ಯಂತ್ರ ನಿರ್ವಾಹಕ, ಪ್ಲೇಟ್ ತಯಾರಕ, ಪುಸ್ತಕ ಬೈಂಡರ್ ಮುಂತಾದ ವೃತ್ತಿಗಳಿವೆ. 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಶಿಶಿಕ್ಷುಗಳನ್ನು ತೆಗೆದುಕೊಳ್ಳುವುದು ಕಡ್ಡಾಯ; 4ರಿಂದ 29 ಕೆಲಸಗಾರರಿರುವ ಸಣ್ಣ ಮುದ್ರಣಾಲಯಗಳು ಇಚ್ಛಿಸಿದಲ್ಲಿ ತೆಗೆದುಕೊಳ್ಳಬಹುದು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಶಿಶಿಕ್ಷು ಉತ್ತೇಜನ ಯೋಜನೆಯಡಿ ಶಿಷ್ಯವೇತನದ ಶೇ 25ರಷ್ಟನ್ನು, ತಿಂಗಳಿಗೆ ರೂ. 1,500ರ ಮಿತಿಯಲ್ಲಿ, ಕೇಂದ್ರ ಸರ್ಕಾರ ಭರಿಸುತ್ತದೆ. ಇದನ್ನು ಅರಿಯದ ಸಣ್ಣ ಮುದ್ರಣಾಲಯಗಳ ಮಾಲೀಕರಿಗೆ ಅಭ್ಯರ್ಥಿಯೇ ತಿಳಿಸಬಹುದಾಗಿದೆ. ನೋಂದಣಿಯಿಲ್ಲದೆ ‘ಕೆಲಸ ಕಲಿಯಲು’ ಸೇರಿದವರಿಗೆ ಶಿಷ್ಯವೇತನವಾಗಲಿ, ಪ್ರಮಾಣಪತ್ರವಾಗಲಿ ದೊರೆಯುವುದಿಲ್ಲ.

ಡಿಪ್ಲೊಮಾ: ಬೆಂಗಳೂರಿನ ಸರ್ಕಾರಿ ಮುದ್ರಣ ತಂತ್ರಜ್ಞಾನ ಸಂಸ್ಥೆಯು ಮುದ್ರಣ ತಂತ್ರಜ್ಞಾನದಲ್ಲಿ ಮೂರು ವರ್ಷಗಳ ಡಿಪ್ಲೊಮಾಕ್ಕಾಗಿ ಇರುವ ಸಂಸ್ಥೆ. ಎಸ್.ಎಸ್.ಎಲ್.ಸಿ. ನಂತರ ತಾಂತ್ರಿಕ ಶಿಕ್ಷಣ ಇಲಾಖೆಯ ಪಾಲಿಟೆಕ್ನಿಕ್ ಪ್ರವೇಶ ಪ್ರಕ್ರಿಯೆಯ ಮೂಲಕ ಡಿಪ್ಲೊಮಾ ಪ್ರವೇಶ ಪಡೆಯಬೇಕು. ಡಿಪ್ಲೊಮಾ ಪಡೆದವರು ಡಿ.ಸಿ.ಇ.ಟಿ. ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರ ಪ್ರವೇಶ ಪಡೆಯಬಹುದು.

ಪದವಿ: ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಮುದ್ರಣ ಮತ್ತು ಪ್ಯಾಕೇಜಿಂಗ್ ತಂತ್ರಜ್ಞಾನ, ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ಮುದ್ರಣ ಎಂಜಿನಿಯರಿಂಗ್ ಪದವಿಗಳು ಈ ಕ್ಷೇತ್ರದಲ್ಲಿ ಹೆಸರುವಾಸಿ. ಹೊರರಾಜ್ಯದವರಿಗೆ ಸೀಟುಗಳು ಸೀಮಿತವಾಗಿರುವುದರಿಂದ ಆಯಾ ವರ್ಷದ ಪ್ರವೇಶ ನಿಯಮಗಳನ್ನು ಗಮನಿಸಬೇಕು.

ಅನುಚ್ಛೇದ 371(ಜೆ) ಅಡಿಯ ಸೌಲಭ್ಯ: ಕೊಪ್ಪಳ ಜಿಲ್ಲೆಯು ಕಲ್ಯಾಣ ಕರ್ನಾಟಕ ಪ್ರದೇಶಕ್ಕೆ ಸೇರಿದೆ. 2013ರಲ್ಲಿ ಜಾರಿಗೆ ಬಂದ ಆದೇಶಗಳಂತೆ ಈ ಪ್ರದೇಶದ ಸ್ಥಳೀಯ ಅಭ್ಯರ್ಥಿಗಳಿಗೆ ಪ್ರದೇಶದೊಳಗಿನ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70 ಹಾಗೂ ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟುಗಳ ಮೀಸಲಾತಿ ಇದೆ. ಇದಕ್ಕೆ ಸಹಾಯಕ ಆಯುಕ್ತರು ನೀಡುವ ಅರ್ಹತಾ ಪ್ರಮಾಣಪತ್ರ ಅವಶ್ಯಕ. ಪ್ರವೇಶದ ಕೊನೆಯ ವಾರದವರೆಗೆ ಕಾಯದೆ ಫಲಿತಾಂಶಕ್ಕೆ ಮುಂಚೆಯೇ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸುವುದು ಸೂಕ್ತ.

ಉದ್ಯೋಗಾವಕಾಶಗಳು

ಸ್ಥಳೀಯ ಮುದ್ರಣಾಲಯಗಳು: ತಾಲ್ಲೂಕು ಕೇಂದ್ರಗಳ ಡಿ.ಟಿ.ಪಿ. ಮತ್ತು ಫ್ಲೆಕ್ಸ್ ಅಂಗಡಿಗಳಲ್ಲಿ ಆರಂಭದ ಕೆಲಸ ದೊರೆಯುತ್ತದೆ. ಲಗ್ನದ ತಿಂಗಳುಗಳಲ್ಲಿ, ಚುನಾವಣೆಯ ಸಮಯದಲ್ಲಿ, ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಂತಹ ಸಂದರ್ಭಗಳಲ್ಲಿ ಕೆಲಸ ಹೆಚ್ಚಿರುತ್ತದೆ; ಉಳಿದ ಕಾಲದಲ್ಲಿ ಇಳಿಯುತ್ತದೆ. ಇದೊಂದನ್ನೇ ನಂಬಿದವರ ವರಮಾನ ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ.

ಪ್ಯಾಕೇಜಿಂಗ್: ಗಂಗಾವತಿ ಭಾಗದ ಅಕ್ಕಿ ಗಿರಣಿಗಳಿಗೆ ಮುದ್ರಿತ ಚೀಲಗಳು ಬೇಕು. ಕುಕನೂರು ತಾಲ್ಲೂಕಿನ ಭಾನಾಪುರದ ಆಟಿಕೆ ತಯಾರಿಕಾ ಕ್ಲಸ್ಟರ್‌ನಂತಹ ಕೈಗಾರಿಕೆಗಳಿಗೆ ಪೆಟ್ಟಿಗೆ, ಚೀಟಿ, ಲೇಬಲ್‌ಗಳು ಬೇಕು. ಓದುವ ಕಾಗದದ ಮುದ್ರಣ ಕುಗ್ಗಿದರೂ ಸರಕಿನ ಹೊದಿಕೆಯ ಮುದ್ರಣ ಕುಗ್ಗುವ ಸಂಭವ ಕಡಿಮೆ. ಫ್ಲೆಕ್ಸೋ ಯಂತ್ರ, ಪೆಟ್ಟಿಗೆ ವಿನ್ಯಾಸ ಮತ್ತು ಬಾರ್‌ಕೋಡ್ ಅಳವಡಿಕೆ ಬಲ್ಲವರಿಗೆ ಈ ವಿಭಾಗದಲ್ಲಿ ಅವಕಾಶವಿದೆ.

ಸರ್ಕಾರಿ ವಲಯ: ರಾಜ್ಯದ ಮುದ್ರಣ, ಲೇಖನ ಸಾಮಗ್ರಿ ಮತ್ತು ಪ್ರಕಟಣೆಗಳ ಇಲಾಖೆಯು ರಾಜ್ಯಪತ್ರ ಹಾಗೂ ಸರ್ಕಾರಿ ಮುದ್ರಣಗಳನ್ನು ನಿರ್ವಹಿಸುತ್ತದೆ. 1995ರಲ್ಲಿ ಸ್ಥಾಪಿತವಾದ ಭಾರತೀಯ ರಿಸರ್ವ್ ಬ್ಯಾಂಕ್ ನೋಟ್ ಮುದ್ರಣ ಸಂಸ್ಥೆಯ ಮುದ್ರಣಾಲಯವೊಂದು ಮೈಸೂರಿನಲ್ಲಿದೆ. ನಾಸಿಕ್‌ನ ಭದ್ರತಾ ಮುದ್ರಣಾಲಯಗಳು ಕಿರಿಯ ತಂತ್ರಜ್ಞ ಹುದ್ದೆಗಳಿಗೆ ಮುದ್ರಣ ವೃತ್ತಿಯ ಐ.ಟಿ.ಐ. ವಿದ್ಯಾರ್ಹತೆಯನ್ನು ಕೇಳುತ್ತವೆ. ಈ ಹುದ್ದೆಗಳ ಸಂಖ್ಯೆ ಕಡಿಮೆ. ಅಧಿಸೂಚನೆಗಾಗಿ ಕಾಯುತ್ತ ಕಲಿತ ಕೆಲಸವನ್ನು ಬಿಡುವುದು ಸರಿಯಲ್ಲ.

ಪ್ರಕಾಶನ: ಭಾಷೆಯಲ್ಲಿ ಆಸಕ್ತಿಯುಳ್ಳ ಪದವೀಧರರಿಗೆ ಸಂಪಾದನೆ, ಕರಡು ತಿದ್ದುವಿಕೆ, ಅನುವಾದ ಮತ್ತು ಪುಸ್ತಕ ಮಾರಾಟದ ಕೆಲಸಗಳಿವೆ. ಇದಕ್ಕೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗ, ಗದಗದ ತೋಂಟದಾರ್ಯ ಮಠದ ವೀರಶೈವ ಅಧ್ಯಯನ ಸಂಸ್ಥೆ ಹಾಗೂ ಲಡಾಯಿ ಪ್ರಕಾಶನ ಇವು ಈ ಭಾಗದಿಂದಲೇ ನಾಡಿನ ಓದುಗರನ್ನು ತಲುಪಿವೆ. ನ್ಯಾಷನಲ್ ಬುಕ್ ಟ್ರಸ್ಟ್ ಪುಸ್ತಕ ಪ್ರಕಾಶನದ ಕಿರು ಅವಧಿಯ ತರಬೇತಿಗಳನ್ನು ನಡೆಸುತ್ತದೆ. ಕರಡು ತಿದ್ದುವ ಕೆಲಸವನ್ನು ಮನೆಯಿಂದಲೇ ಮಾಡಬಹುದಾದ್ದರಿಂದ ಊರು ಬಿಡಲಾಗದ ವಿದ್ಯಾವಂತ ಮಹಿಳೆಯರಿಗೆ ಇದು ಅನುಕೂಲಕರ.

ಸ್ವಂತ ಮುದ್ರಣಾಲಯ ಅಥವಾ ಪ್ರಕಾಶನ ಆರಂಭಿಸುವವರಿಗೆ

ಪ್ರಧಾನಮಂತ್ರಿ ಮುದ್ರಾ ಯೋಜನೆಯಡಿ ಶಿಶು ವರ್ಗದಲ್ಲಿ ರೂ. 50,000, ಕಿಶೋರ ವರ್ಗದಲ್ಲಿ ರೂ. 5 ಲಕ್ಷ ಮತ್ತು ತರುಣ ವರ್ಗದಲ್ಲಿ ರೂ. 10 ಲಕ್ಷದವರೆಗೆ ಸಾಲ ದೊರೆಯುತ್ತದೆ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ 2022ರ ಮಾರ್ಗಸೂಚಿಯಂತೆ ತಯಾರಿಕಾ ಘಟಕಗಳಿಗೆ ರೂ. 50 ಲಕ್ಷ, ಸೇವಾ ಘಟಕಗಳಿಗೆ ರೂ. 20 ಲಕ್ಷ ಯೋಜನಾ ವೆಚ್ಚದ ಮಿತಿಯಿದೆ. ಗ್ರಾಮೀಣ ಪ್ರದೇಶದಲ್ಲಿ ಸಾಮಾನ್ಯ ವರ್ಗಕ್ಕೆ ಶೇ 25; ಮಹಿಳೆಯರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಮುಂತಾದ ವಿಶೇಷ ವರ್ಗಗಳಿಗೆ ಶೇ 35ರಷ್ಟು ಸಹಾಯಧನ ನಿಗದಿಯಾಗಿದೆ. ಈ ಮಾರ್ಗಸೂಚಿಯು 2025–26ರವರೆಗಿನ ಅವಧಿಗೆ ಹೊರಡಿಸಿದ್ದಾದ್ದರಿಂದ ಅರ್ಜಿ ಸಲ್ಲಿಸುವ ಮುನ್ನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಬೇಕು.

ಸಾಲ ಪಡೆಯುವ ಮುನ್ನ ಗಮನಿಸಬೇಕಾದ ಅಂಶಗಳು:

1. ಕನಿಷ್ಠ ಒಂದು ವರ್ಷ ಬೇರೆಯವರ ಮುದ್ರಣಾಲಯದಲ್ಲಿ ದುಡಿದು ಕಾಗದ, ಶಾಯಿ, ಪ್ಲೇಟು ಮತ್ತು ಕೆಡುವ ಹಾಳೆಗಳ ಲೆಕ್ಕ ಅರಿಯಬೇಕು.

2. ಯಂತ್ರ ಕೊಳ್ಳುವುದಕ್ಕಿಂತ ಮೊದಲು ವಿನ್ಯಾಸ ಮತ್ತು ಅಕ್ಷರಜೋಡಣೆಯನ್ನು ಸ್ವಂತವಾಗಿ ಮಾಡಿ, ಮುದ್ರಣವನ್ನು ಗದಗ ಅಥವಾ ಹುಬ್ಬಳ್ಳಿಯಲ್ಲಿ ಮಾಡಿಸಿ ಗ್ರಾಹಕರನ್ನು ಗಳಿಸಿಕೊಳ್ಳಬಹುದು. ಕೆಲಸವಿಲ್ಲದ ದಿನ ಯಂತ್ರ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ.

3. ಅಂತಿಮ ಕರಡಿನ ಮೇಲೆ ಗ್ರಾಹಕರ ಸಹಿ ಪಡೆಯದೆ ಅಚ್ಚಿಗೆ ಕೊಡಬಾರದು.

4. ಕತ್ತರಿಸುವ ಯಂತ್ರದ ಎರಡೂ ಕೈಗಳ ಗುಂಡಿಯ ಸುರಕ್ಷಾ ವ್ಯವಸ್ಥೆಯನ್ನು ಎಂದಿಗೂ ತೆಗೆಯಬಾರದು. ಶಾಯಿ ತೊಳೆಯುವ ದ್ರಾವಕಗಳಿರುವ ಕೋಣೆಗೆ ಗಾಳಿಯ ಸಂಚಾರವಿರಬೇಕು.

ಕಾನೂನಿನ ಬಗ್ಗೆ: 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಅಧಿನಿಯಮದ ಬದಲಿಗೆ ಮುದ್ರಣಾಲಯ ಮತ್ತು ನಿಯತಕಾಲಿಕಗಳ ನೋಂದಣಿ ಅಧಿನಿಯಮ, 2023 ಜಾರಿಯಾಗಿದ್ದು, 2024ರ ಮಾರ್ಚ್ 1ರಿಂದ ಅನ್ವಯಿಸುತ್ತದೆ. ಪತ್ರಿಕೆ ಆರಂಭಿಸುವವರು ಆನ್‌ಲೈನ್ ಮೂಲಕವೇ ನೋಂದಣಿ ಮಾಡಿಸಬೇಕು. ನಿಯತಕಾಲಿಕಗಳನ್ನು ಅಚ್ಚು ಮಾಡುವ ಮುದ್ರಣಾಲಯಗಳೂ ಆನ್‌ಲೈನ್ ಮಾಹಿತಿ ಸಲ್ಲಿಸಬೇಕು. ಪುಸ್ತಕಗಳಿಗೆ ಐ.ಎಸ್.ಬಿ.ಎನ್. ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ನೀಡುತ್ತದೆ. ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬಾರದು. ಪ್ರಕಟಿಸಿದ ಪುಸ್ತಕಗಳ ಪ್ರತಿಗಳನ್ನು 1954ರ ಕೇಂದ್ರ ಅಧಿನಿಯಮ ಮತ್ತು 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದಂತೆ ನಿಗದಿತ ಗ್ರಂಥಾಲಯಗಳಿಗೆ ಸಲ್ಲಿಸತಕ್ಕದ್ದು. 1993ರಲ್ಲಿ ಸ್ಥಾಪನೆಯಾದ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹ ಯೋಜನೆಗಳನ್ನೂ ಗಮನಿಸಬಹುದು.

ತರಬೇತಿ ಸಂಸ್ಥೆಯನ್ನು ಆರಿಸುವಾಗ

ಖಾಸಗಿ ಕೇಂದ್ರಗಳಲ್ಲಿ ಶುಲ್ಕ ಕಟ್ಟುವ ಮುನ್ನ ಪೋಷಕರು ನಾಲ್ಕು ಪ್ರಶ್ನೆಗಳನ್ನು ಕೇಳುವುದು ಒಳಿತು. ನೀಡುವ ಪ್ರಮಾಣಪತ್ರಕ್ಕೆ ಯಾವ ಸರ್ಕಾರಿ ಸಂಸ್ಥೆಯ ಮಾನ್ಯತೆ ಇದೆ? ಕನ್ನಡ ಯುನಿಕೋಡ್‌ನಲ್ಲಿ ಪುಟವಿನ್ಯಾಸವನ್ನು ಕಲಿಸಲಾಗುತ್ತದೆಯೇ? ಪ್ರತಿ ಅಭ್ಯರ್ಥಿಗೂ ಪ್ರತ್ಯೇಕ ಗಣಕಯಂತ್ರ ಇದೆಯೇ? ಕಲಿತವರು ಸಿದ್ಧಪಡಿಸಿದ ಒಂದು ಪುಸ್ತಕವನ್ನಾದರೂ ತೋರಿಸಬಲ್ಲರೇ? ಕೊನೆಯ ಪ್ರಶ್ನೆಗೆ ಉತ್ತರವಿಲ್ಲದ ಕೇಂದ್ರದಲ್ಲಿ ಹಣ ಮತ್ತು ಸಮಯ ಎರಡೂ ವ್ಯರ್ಥವಾಗುವ ಸಾಧ್ಯತೆ ಹೆಚ್ಚು.

ಕೆಲಸ ಕೇಳಲು ಹೋಗುವ ಅಭ್ಯರ್ಥಿಯೂ ಪ್ರಮಾಣಪತ್ರದ ಜೊತೆಗೆ ತಾನೇ ವಿನ್ಯಾಸಗೊಳಿಸಿದ ಹದಿನಾರು ಪುಟಗಳ ಕಿರುಹೊತ್ತಿಗೆಯೊಂದನ್ನು, ಒಂದೂ ಅಕ್ಷರದೋಷವಿಲ್ಲದೆ, ಅಚ್ಚು ಮಾಡಿಸಿ ಒಯ್ಯುವುದು ಅಪೇಕ್ಷಣೀಯ. ಮುದ್ರಣಾಲಯದವರು ಮೊದಲು ನೋಡುವುದು ಅದನ್ನೇ.

ಹೆಚ್ಚಿನ ಮಾಹಿತಿಗಾಗಿ ಸಂಪರ್ಕಿಸಬೇಕಾದ ಕಚೇರಿಗಳು

• ತರಬೇತಿ, ಶಿಶಿಕ್ಷು ನೋಂದಣಿ: ಹತ್ತಿರದ ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆ ಹಾಗೂ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿ, ಕೊಪ್ಪಳ
• ಸಾಲ ಮತ್ತು ಸಹಾಯಧನ: ಜಿಲ್ಲಾ ಕೈಗಾರಿಕಾ ಕೇಂದ್ರ, ಕೊಪ್ಪಳ
• 371(ಜೆ) ಅರ್ಹತಾ ಪ್ರಮಾಣಪತ್ರ: ಸಹಾಯಕ ಆಯುಕ್ತರ ಕಚೇರಿ, ಕೊಪ್ಪಳ
• ಡಿಪ್ಲೊಮಾ ಪ್ರವೇಶ: ಹತ್ತಿರದ ಸರ್ಕಾರಿ ಪಾಲಿಟೆಕ್ನಿಕ್